ಹಳೆಯ ಮೋಟಾರು ಸೈಕಲ್ಲಿನ ಜೀರ್ಣೋದ್ಧಾರ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಸಂಚರಿಸುವಾಗ ದನದ ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಮೆದೆಯ ಮರೆಯಲ್ಲಿ, ಗೋಣಿಚೀಲ ಹೊದ್ದು ನಿಂತ ಹಳೆಯ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲು ಇಂದಿಗೂ ಕಣ್ಣಿಗೆ ಬೀಳುವುದುಂಟು. ಒಂದು ಕಾಲಕ್ಕೆ ಆ ಮನೆಯ ಹಿರಿಯರನ್ನು ಶ್ರೀನಿವಾಸಪುರದ ಮಾವಿನ ಮಂಡಿಗೂ, ಮುಳಬಾಗಿಲಿನ ಸಂತೆಗೂ, ಕೋಲಾರದ ಕಚೇರಿಗಳಿಗೂ ಹೊತ್ತೊಯ್ದ ವಾಹನವದು. ಹಿರಿಯರು ಕಣ್ಮರೆಯಾದ ಬಳಿಕ ಗುಜರಿಯವನು ಬಂದು ತೂಕಕ್ಕೆ ಕೇಳುತ್ತಾನೆ. ಮನೆಯ ಹೆಣ್ಣುಮಕ್ಕಳು ಜಾಗ ಖಾಲಿಯಾದರೆ ಸಾಕೆನ್ನುತ್ತಾರೆ. ಮಗನೋ ಮೊಮ್ಮಗನೋ ಅಡ್ಡ ನಿಂತು, ‘ಕೊಡಬೇಡಿ, ಬಿಚ್ಚಿ ಸರಿಮಾಡುತ್ತೇನೆ’ ಎನ್ನುತ್ತಾನೆ. ಇಂತಹ ತಕರಾರುಗಳು ತೀರ್ಮಾನಕ್ಕಾಗಿ ನಮ್ಮ ಬಳಿಗೂ ಬಂದದ್ದುಂಟು. ಮಠದಲ್ಲಿ ವ್ಯಾಕರಣ ಓದಿದವರಿಗೆ ಯಂತ್ರದ ಗೊಡವೆ ಏಕೆಂದು ಓದುಗರು ಕೇಳಬಹುದು. ಸಮಾಸವನ್ನು ಬಿಡಿಸಿ, ವಿಗ್ರಹವಾಕ್ಯ ಹೇಳಿ, ಮತ್ತೆ ಕೂಡಿಸುವುದನ್ನು ಬಾಲ್ಯದಿಂದ ಅಭ್ಯಾಸ ಮಾಡಿದವರಿಗೆ, ಬಿಡಿಸುವುದು ಸುಲಭ, ಕ್ರಮ ತಪ್ಪದಂತೆ ಕೂಡಿಸುವುದು ಕಷ್ಟ ಎಂಬುದಾದರೂ ತಿಳಿದಿರುತ್ತದೆ.

ಮೊದಲು ಈ ವಾಹನದ ಕುಲಗೋತ್ರವನ್ನು ಅರಿಯುವುದು ಲೇಸು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು, ತಮ್ಮ ಹೆಸರಿನ ಮತ್ತು ಆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಕರೆದರು. ಮುಂಬಯಿಯ ಇರಾನಿ ಕುಟುಂಬದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗಿನ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1961ರಲ್ಲಿ ತಯಾರಿಕೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಎಂಬತ್ತರ ದಶಕದ ನಡುವಿನಲ್ಲಿ ಬಂದ ಜಪಾನೀ ತಾಂತ್ರಿಕತೆಯ 100 ಸಿ.ಸಿ. ಗಾಡಿಗಳ ಮುಂದೆ, ಲೀಟರಿಗೆ 30 ಕಿಲೋಮೀಟರ್ ದಾಟಲು ತಿಣುಕುವ ಈ 250 ಸಿ.ಸಿ. ಯಂತ್ರ ನಿಲ್ಲಲಾಗಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಹೊಸವುಗಳದು ನಾಲ್ಕು ಸ್ಟ್ರೋಕಿನ ಎಂಜಿನ್, ಹಳೆಯದು ಎರಡು ಸ್ಟ್ರೋಕಿನದು. ಹೊಸ ಅಂಗಡಿಗೆ ಹೋಗಿ ಹಳೆಯ ಎಂಜಿನ್ನಿಗೆ ಭಾಗ ಕೇಳುವುದು ವ್ಯರ್ಥ ಪ್ರಯಾಸ. ಅದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಹಳೆಯ ಮೆಕ್ಯಾನಿಕರ ಟ್ರಂಕುಗಳನ್ನೂ ಹುಡುಕಬೇಕು.

ನಮ್ಮ ಜಿಲ್ಲೆಗೂ ಮೋಟಾರು ಸೈಕಲ್ಲಿಗೂ ಇಂದು ಬೇರೊಂದು ನಂಟು ಬೆಳೆದಿದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ಕಾರ್ಖಾನೆ ಕೆಲಸ ಆರಂಭಿಸಿತು. 2017ರ ವಿಸ್ತರಣೆಯ ನಂತರ ವರ್ಷಕ್ಕೆ 24 ಲಕ್ಷ ದ್ವಿಚಕ್ರ ವಾಹನಗಳನ್ನು ತಯಾರಿಸುವ ಸಾಮರ್ಥ್ಯ ಅದಕ್ಕೆ ಬಂದಿತು. ಅದರ ಆಸುಪಾಸಿನ ಉದ್ಯಮಗಳಲ್ಲಿ ಮಾಲೂರು, ಕೋಲಾರ, ಮುಳಬಾಗಿಲು ಕಡೆಯ ಐ.ಟಿ.ಐ. ಓದಿದ ಹುಡುಗರು ದುಡಿಯುತ್ತಾರೆ. ಅಂತಹವನೊಬ್ಬನ ಮನೆಯ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ.

ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ನಮಗೆ ಬಹುಕಾಲದಿಂದ ಪರಿಚಿತರು. ಅವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಯೆಜ್ಡಿಯಲ್ಲಿ ಶಾಲೆಗೆ ಹೋಗಿಬಂದವರು. ಅವರು ಲಿಂಗೈಕ್ಯರಾದ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಮಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಫಿಟರು. ತಾಯಿಯವರು ನಮ್ಮೆದುರು, ‘ಶಾಸ್ತ್ರಿಗಳೇ, ಇವನಿಗೆ ನೀವಾದರೂ ಹೇಳಿ. ಆ ಗಾಡಿಗೆ ಸುರಿಯುವ ದುಡ್ಡಿನಲ್ಲಿ ತಂಗಿಯ ಮದುವೆಗೆ ಒಂದು ಒಡವೆಯಾಗುತ್ತದೆ’ ಎಂದರು. ಮಾತು ಸುಳ್ಳಲ್ಲ. ಇಂತಹ ಕೆಲಸದಿಂದ ಲಾಭವಿದೆ ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ನಿತ್ಯದ ಓಡಾಟಕ್ಕೆ ಹೊಸ ಗಾಡಿಯೇ ಅಗ್ಗ. ಆದುದರಿಂದ ನಾವು ಹುಡುಗನಿಗೆ, ‘ಮಾಡುವುದಾದರೆ ಸಂಬಳದ ಉಳಿತಾಯದಲ್ಲಿ, ತಿಂಗಳಿಗಿಷ್ಟೆಂದು ಕಟ್ಟಿಟ್ಟು ಮಾಡಪ್ಪ, ಸಾಲ ಮಾಡಬೇಡ. ಪಾನಾ ಹಿಡಿಯುವ ಮೊದಲು ಗಾಡಿಯ ಆರ್.ಸಿ. ಪುಸ್ತಕ ಎಲ್ಲಿದೆ, ನೋಡು’ ಎಂದೆವು.

ಇದು ಬಹಳ ಮಂದಿ ಕಡೆಗೆ ಮಾಡುವ, ಆದರೆ ಮೊದಲು ಮಾಡಬೇಕಾದ ಕೆಲಸ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ನಮೂನೆ 25ರಲ್ಲಿ ಅರ್ಜಿ ಹಾಕಿ, ಗಾಡಿಯನ್ನು ಅಧಿಕಾರಿಗಳಿಗೆ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಒಡೆಯರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರ ಮೂಲಕ ಹೆಸರನ್ನು ಬದಲಾಯಿಸಿಕೊಳ್ಳಬೇಕು. ಪುಸ್ತಕ ಕಳೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ನಮೂನೆ 26ರಲ್ಲಿ ನಕಲು ಪ್ರತಿ ಕೇಳಬೇಕು. ಕೋಲಾರದ ಕಚೇರಿಯ ಸಂಕೇತ ಕೆಎ-07, ಕೆ.ಜಿ.ಎಫ್.ನದು ಕೆಎ-08. ಈ ಪದ್ಧತಿಗೆ ಮುಂಚಿನ ಅಕ್ಷರಗಳುಳ್ಳ ಗಾಡಿಗಳ ವಿವರ ಹಳೆಯ ದಪ್ಪ ರಿಜಿಸ್ಟರುಗಳಲ್ಲಿರುತ್ತದೆ. ಅದನ್ನು ಗಣಕಯಂತ್ರದ ‘ವಾಹನ್’ ವ್ಯವಸ್ಥೆಗೆ ಏರಿಸದೆ ಮುಂದಿನ ಯಾವ ಕೆಲಸವೂ ನಡೆಯದು. ಚಾಸಿ ನಂಬರು ಮತ್ತು ಎಂಜಿನ್ ನಂಬರುಗಳು ಪುಸ್ತಕದೊಡನೆ ಅಕ್ಷರಶಃ ತಾಳೆಯಾಗಬೇಕು. ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡಿಂಗ್ ಯಂತ್ರವನ್ನು ಆ ಅಂಕಿಗಳ ಮೇಲೆ ಆಡಿಸಿದರೆ, ಆಮೇಲೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ರಸ್ತೆಗೆ ಸಲ್ಲದ ಗಾಡಿ. ಮೂಲ ಬಣ್ಣ ಬಿಟ್ಟು ಬೇರೆ ಬಣ್ಣ ಹಚ್ಚಿಸಿದರೂ ಪುಸ್ತಕದಲ್ಲಿ ನಮೂದಾಗಬೇಕು. ನಮ್ಮ ಉಪಾಧ್ಯಾಯರ ಮನೆಯಲ್ಲಿ ಪುಸ್ತಕವು ಜೀವವಿಮೆಯ ಕಾಗದಗಳ ನಡುವೆ ಭದ್ರವಾಗಿ ಸಿಕ್ಕಿತು. ಅದು ಸಿಗದಿದ್ದರೆ ನಾವು ಬಹುಶಃ ತಾಯಿಯವರ ಪಕ್ಷವನ್ನೇ ವಹಿಸುತ್ತಿದ್ದೆವು.

ಇನ್ನು ಬಿಚ್ಚುವ ವಿಚಾರ. ಈ ಎಂಜಿನ್ನಿನಲ್ಲಿ ಒಂದೇ ಸಿಲಿಂಡರು, ಅಗಲ 65 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 75 ಮಿ.ಮೀ. ವಾಲ್ವುಗಳಿಲ್ಲ, ಪಿಸ್ಟನ್ನೇ ಏರಿಳಿಯುತ್ತ ಸಿಲಿಂಡರಿನ ಗೋಡೆಯಲ್ಲಿರುವ ದ್ವಾರಗಳನ್ನು ತೆರೆದು ಮುಚ್ಚುತ್ತದೆ. ಗೇರು ಹಾಕುವ ಕಡ್ಡಿಯನ್ನೇ ಒಳಗೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಚಮತ್ಕಾರ ಬೇರೆ ಗಾಡಿಗಳಲ್ಲಿ ಕಾಣಸಿಗುವುದು ಅಪರೂಪ. ಹಿಂಬದಿಯ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುವುದು ಮಾಲೂರಿನ ಇಟ್ಟಿಗೆಗೂಡುಗಳ ಹಾದಿಯ ಧೂಳಿಗೆ ಬಲು ಅನುಕೂಲ. ನಮ್ಮ ಒಣಹವೆಯ ಸೀಮೆಯಲ್ಲಿ ಇನ್ನೊಂದು ಭಾಗ್ಯವಿದೆ: ಮಲೆನಾಡು, ಕರಾವಳಿಗಳಲ್ಲಿ ಆಗುವಷ್ಟು ತುಕ್ಕು ಇಲ್ಲಿ ಆಗುವುದಿಲ್ಲ. ಕೊಟ್ಟಿಗೆಯ ಗಂಜಲದ ಆವಿ ತಾಗಿದ ಭಾಗಗಳ ಮಾತು ಬೇರೆ.

ವರ್ಷಗಟ್ಟಲೆ ನಿಂತ ಗಾಡಿಯ ಪಿಸ್ಟನ್ ಹಲವು ಸಲ ಸಿಲಿಂಡರಿಗೆ ಹಿಡಿದುಕೊಂಡಿರುತ್ತದೆ. ಅದನ್ನರಿಯದೆ ಕಿಕ್ಕರಿನ ಮೇಲೆ ಎಗರಿ ನಿಂತರೆ ಒಳಗಿನ ಹಲ್ಲು ಮುರಿಯುವುದು ನಿಶ್ಚಯ. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಿಂದ ಡೀಸೆಲ್ಲು, ಎಣ್ಣೆ ಬೆರೆಸಿ ಹುಯ್ದು, ನಾಲ್ಕೈದು ದಿನ ಬಿಟ್ಟು, ಹಿಂದಿನ ಚಕ್ರವನ್ನು ಗೇರಿನಲ್ಲಿಟ್ಟು ಮೆಲ್ಲನೆ ಅಲುಗಾಡಿಸಬೇಕು. ಬಿಚ್ಚುವಾಗ ಪ್ರತಿಯೊಂದು ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಈ ಕಾಲ ಕೊಟ್ಟ ಸೌಕರ್ಯ. ಹಿಂದಿನವರು ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದರು. ಒಂದು ಭಾಗದ ನಟ್ಟುಬೋಲ್ಟುಗಳು ಒಂದೇ ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಹೆಸರು. ಉಪಾಧ್ಯಾಯರ ಮನೆಯಲ್ಲಿ ತಾಯಿಯವರ ಹಪ್ಪಳ, ಸಂಡಿಗೆಯ ಡಬ್ಬಿಗಳು ಒಂದೊಂದಾಗಿ ಕೊಟ್ಟಿಗೆಗೆ ಸಾಗಿದ್ದು ಬೇರೆ ಕಲಹ. ತೊಳೆಯಲು ಪೆಟ್ರೋಲನ್ನು ಬಳಸಬಾರದು. ಒಲೆ, ದೀಪಗಳಿರುವ ಮನೆಯಲ್ಲಿ ಅದು ಅನಾಹುತಕ್ಕೆ ಆಹ್ವಾನ. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಪುಡಿಯನ್ನು ಬಾಯಿಂದ ಊದಿ ತೆಗೆಯುವ ಅಭ್ಯಾಸ ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು, ಮಕ್ಕಳನ್ನು ದೂರವಿಡಬೇಕು.

ಚಕ್ರ, ಬ್ರೇಕು, ವೈರಿಂಗು, ಕಾರ್ಬೊರೇಟರು, ಕ್ಲಚ್ಚು, ಸೈಲೆನ್ಸರಿನೊಳಗಿನ ಮಸಿ ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಕ್ಲಚ್ಚನ್ನು ಎಳೆದು ತೆಗೆಯಲು ಪುಲ್ಲರ್ ಎಂಬ ಸಾಧನ ಬೇಕು. ಅದಿಲ್ಲವೆಂದು ಸುತ್ತಿಗೆ ಎತ್ತಬಾರದು. ಎಂಜಿನ್ನಿನ ಅಲ್ಯೂಮಿನಿಯಂ ಕವಚದಿಂದ ಬೇರಿಂಗನ್ನು ಬಿಡಿಸಲೂ ಸುತ್ತಿಗೆ ಬೇಕಿಲ್ಲ. ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವ ಲೋಹ. ಕವಚವನ್ನು ಹದವಾಗಿ ಕಾಯಿಸಿದರೆ ಬೇರಿಂಗು ತಾನೇ ಕಳಚಿ ಬೀಳುತ್ತದೆ. ಆದರೆ ಕ್ರ್ಯಾಂಕಿನ ಬಳಿಗೆ ಬಂದಾಗ ಮನೆಯ ಕೈ ನಿಲ್ಲಬೇಕು. ಈ ಕ್ರ್ಯಾಂಕು ಬೋಲ್ಟು ಹಾಕಿ ಜೋಡಿಸಿದ್ದಲ್ಲ, ಒತ್ತಿ ಕೂಡಿಸಿದ್ದು. ಕನೆಕ್ಟಿಂಗ್ ರಾಡನ್ನು ಬದಲಿಸಲು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಎರಡು ತುದಿಗಳೂ ಒಂದೇ ನೇರದಲ್ಲಿವೆಯೇ ಎಂದು ಅಳೆದು ತಿದ್ದಬೇಕು. ಕೂದಲೆಳೆಯಷ್ಟು ಓರೆಯಿದ್ದರೂ ಗಾಡಿ ನಡುಗುತ್ತದೆ, ಬೇರಿಂಗು ಬೇಗನೆ ಸವೆಯುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಯಾಗಾರಗಳು ನಮ್ಮ ಸೀಮೆಗೆ ಒಳ್ಳೆಯ ಟರ್ನರುಗಳನ್ನೂ ಫಿಟರುಗಳನ್ನೂ ಕೊಟ್ಟಿದ್ದವು. ಅಂತಹ ಕೈಗಳಲ್ಲಿ ಪಳಗಿದವರು ಸಿಕ್ಕರೆ ಅವರಲ್ಲಿಗೇ ಹೋಗುವುದು ಮೇಲು.

ಉಪಾಧ್ಯಾಯರ ಮಗ ಸಿಲಿಂಡರನ್ನು ಬೋರ್ ಮಾಡಿಸಲು ಒಂದು ಲೇತ್ ಅಂಗಡಿಗೆ ಕೊಟ್ಟ, ಹೆಸರು ಬೇಡ. ಸವೆದ ಸಿಲಿಂಡರನ್ನು ಕಾಲು ಮಿಲಿಮೀಟರಿನಷ್ಟು ದೊಡ್ಡದಾಗಿಸಿ ಅದಕ್ಕೊಪ್ಪುವ ದೊಡ್ಡ ಪಿಸ್ಟನ್ ಹಾಕುವುದು ವಾಡಿಕೆ. ಕಾದ ಪಿಸ್ಟನ್ ಹಿಗ್ಗಲು ಬಿಡಬೇಕಾದ ಸಂದನ್ನು ಅಲ್ಲಿ ಬಿಡಲಿಲ್ಲ. ಗಾಡಿ ಮೊದಲ ದಿನ ಶ್ರೀನಿವಾಸಪುರದ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿ, ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಹುಡುಗ ಆ ಕ್ಷಣದಲ್ಲೇ ಕ್ಲಚ್ಚು ಹಿಡಿದುದರಿಂದ ಬೀಳದೆ ಉಳಿದ. ಲಾರಿಗಳು ಧಾವಿಸುವ ಹೆದ್ದಾರಿಯಲ್ಲಿ ಹೀಗಾಗಿದ್ದರೆ ಎಂಬುದನ್ನು ನೆನೆಯಲೂ ನಮಗೆ ಇಷ್ಟವಿಲ್ಲ. ಆದುದರಿಂದ ಬೋರ್ ಆದ ಸಿಲಿಂಡರನ್ನು ಪಿಸ್ಟನ್ನಿನ ಸಮೇತ ಅಲ್ಲಿಯೇ ಅಳೆಯಿಸಿ ತರಬೇಕು. ದುಡ್ಡು ಕೊಡುವುದು ಆಮೇಲೆ. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗಿರಬೇಕು. ರಿಂಗುಗಳ ಬಾಯಿ ಪಿಸ್ಟನ್ನಿನಲ್ಲಿರುವ ಪುಟ್ಟ ಗೂಟಗಳಿಗೆ ಸರಿಯಾಗಿ ಕೂಡಬೇಕು. ತಪ್ಪಿದರೆ ರಿಂಗಿನ ತುದಿ ದ್ವಾರಕ್ಕೆ ಸಿಕ್ಕಿ ಮುರಿಯುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೂ ಗಾಳಿಯಾಡದಂತಿರಬೇಕು. ಎರಡೂ ಬದಿಯ ಆಯಿಲ್ ಸೀಲುಗಳ ಬೆಲೆ ಅಲ್ಪ, ಮಹತ್ವ ದೊಡ್ಡದು. ಕ್ಲಚ್ಚಿನ ಬದಿಯದು ಕೆಟ್ಟರೆ ಗೇರಿನ ಎಣ್ಣೆ ಒಳಸೇರಿ ದಟ್ಟ ಬಿಳಿಹೊಗೆ ಏಳುತ್ತದೆ. ಇನ್ನೊಂದು ಬದಿಯದು ಕೆಟ್ಟರೆ ಹೊರಗಾಳಿ ನುಗ್ಗಿ, ಪೆಟ್ರೋಲಿನ ಅಂಶ ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾದು ಮತ್ತೆ ಕಚ್ಚಿಕೊಳ್ಳುತ್ತದೆ. ಹಳೆಯ ಸೀಲು ನೋಡಲು ಚೆನ್ನಾಗಿದೆಯೆಂದು ಅದನ್ನೇ ಹಾಕುವ ಜಿಪುಣತನ ಇಲ್ಲಿ ಸಲ್ಲದು.

ಇಂಧನದ ಬಗೆಗೂ ಎರಡು ಮಾತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರಿನ ಕೊಳವೆ, ವಾಷರುಗಳನ್ನು ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ರಬ್ಬರಿನ ಭಾಗಗಳನ್ನೆಲ್ಲ ಹೊಸದಾಗಿ ಹಾಕಬೇಕು, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಿಸಬಾರದು. ಎಥನಾಲ್ ಬೆರೆತ ಇಂಧನದಲ್ಲಿ ಮಿಶ್ರಣ ತೆಳುವಾಗುವುದರಿಂದ ಕಾರ್ಬೊರೇಟರಿನ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸುವುದು ಅನೇಕ ಸಲ ಅಗತ್ಯವಾಗುತ್ತದೆ. ಪ್ಲಗ್ಗಿನ ಬಣ್ಣ ಅದನ್ನು ಹೇಳುತ್ತದೆ: ಕಾಫಿಪುಡಿಯ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ. ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆ ಲೀಟರಿಗೆ ಸುಮಾರು 40 ಮಿಲಿಲೀಟರ್. ಹೊಗೆ ಕಡಿಮೆಯಾಗಲೆಂದು ಅದನ್ನು ಅರ್ಧಕ್ಕಿಳಿಸುವ ಜಾಣರು ಮತ್ತೆ ಲೇತ್ ಅಂಗಡಿಯ ದಾರಿ ಹಿಡಿಯುತ್ತಾರೆ. ಮೊದಲ 500 ಕಿಲೋಮೀಟರ್ ಒಬ್ಬರೇ ಕುಳಿತು, ಮೆಲ್ಲನೆ, ನಡುನಡುವೆ ನಿಲ್ಲಿಸಿ ಓಡಿಸತಕ್ಕದ್ದು.

ಗಾಡಿ 50 ವರ್ಷ ದಾಟಿದ್ದು, ಮೂಲರೂಪ ಕೆಡದಿದ್ದರೆ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ 10 ವರ್ಷದ ನೋಂದಣಿಗೂ ಅವಕಾಶವಿದೆ. ಆದರೆ ಅಂತಹ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅರವತ್ತರ ದಶಕದ ಜಾವಾ ಉಳ್ಳವರು ಇದನ್ನು ಯೋಚಿಸಬಹುದು. ಉಪಾಧ್ಯಾಯರದು ಅಷ್ಟು ಹಳೆಯದಲ್ಲವಾದ್ದರಿಂದ ಐದು ವರ್ಷದ ನವೀಕರಣವೇ ದಾರಿಯಾಯಿತು. ಸಿಲಿಂಡರನ್ನು ಎರಡನೆಯ ಸಲ ಬೇರೆಡೆ ಸರಿಪಡಿಸಿ, ಹೆಸರು ಬದಲಾಯಿಸಿ, ವಿಮೆ ಕಟ್ಟಿ, ಕೋಲಾರದ ಕಚೇರಿಯ ಪರೀಕ್ಷೆಗೆ ಒಯ್ದರು. ಮೊದಲ ಸಲ ಹಿಂದಿನ ಬ್ರೇಕ್ ದೀಪ ಉರಿಯಲಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಎರಡನೆಯ ವಾರ ಒಪ್ಪಿದರು. ಗಾಡಿಯ ಹೆಸರು ಈಗ ತಾಯಿಯವರ ಹೆಸರಿನಲ್ಲಿದೆ. ಹಪ್ಪಳದ ಡಬ್ಬಿಗಳು ಮಾತ್ರ ಇನ್ನೂ ಹಿಂದಿರುಗಿಲ್ಲವೆಂದು ಅವರು ಕಳೆದ ಸಲವೂ ದೂರಿದರು.