ಗಾಳಿ ಹೊತ್ತು ಬರುವ ತೊಗಟೆ

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ, ಬಿದ್ದ ರೈಲು ಹಳಿಯ ಮಗ್ಗುಲಲ್ಲೇ ಹೈದರಾಬಾದಿನ ಸನತ್‌ನಗರ ಬೆಳೆಯಿತು. 1942ರಲ್ಲಿ ಇಲ್ಲಿ ಶುರುವಾದ ಆಲ್ವಿನ್ ಕಾರ್ಖಾನೆಯ ಹೆಸರು ಫ್ರಿಜ್, ಬಸ್ಸು, ಕೈಗಡಿಯಾರಗಳ ಮೂಲಕ ಕಲಬುರಗಿ, ಬೀದರಿನ ಮನೆಗಳಿಗೂ ಪರಿಚಿತ. ಇಂದು ಇಲ್ಲಿ ಕಂಟೇನರ್ ಕಾರ್ಪೊರೇಷನ್ನಿನ ಒಳನಾಡು ಡಿಪೋ ಇದೆ. ಹಡಗಿನಲ್ಲಿ ಬಂದ ಸರಕು ಬಂದರಿನಲ್ಲಿ ಬಿಚ್ಚಿಕೊಳ್ಳದೆ ನೇರ ಇಲ್ಲಿಗೆ ಬಂದು ಸುಂಕ ಕಟ್ಟಿ ಬಿಡುಗಡೆಯಾಗಬಹುದು. ಸುತ್ತಲಿನ ವರ್ಕ್‌ಶಾಪುಗಳಿಗೆ ಕಾರ್ಕ್‌ನಂಥ ವಸ್ತುವನ್ನು ಸಗಟಾಗಿ ತರಿಸಲು ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಅನುಕೂಲವೇನೋ ನಿಜ, ಆದರೆ ಕಬ್ಬಿಣ ಕೊಳ್ಳುವ ಲೆಕ್ಕದಲ್ಲಿ ಕಾರ್ಕ್ ಕೊಂಡವರು ಕೈ ಸುಟ್ಟುಕೊಳ್ಳುತ್ತಾರೆ. ಇಲ್ಲಿ ದುಡ್ಡು ತೆರುವುದು ತೂಕಕ್ಕಲ್ಲ, ಜಾಗಕ್ಕೆ ಮತ್ತು ಕಾಲಕ್ಕೆ.

ಮೊದಲು ಕಾಲದ ಮಾತು. ಕಾರ್ಕ್ ಓಕ್ ಎಂಬುದು ಮೆಡಿಟರೇನಿಯನ್ ಸೀಮೆಯ ಮರ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸ್ಪೇನ್‌ನದು. ಮರಕ್ಕೆ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಬೇಸಿಗೆಯಲ್ಲಿ ಮೊದಲ ಬಾರಿ ತೊಗಟೆ ಸುಲಿಯುತ್ತಾರೆ. ಮತ್ತೆ ಸುಲಿಯಲು ಕನಿಷ್ಠ ಒಂಬತ್ತು ವರ್ಷ ಬಿಡಬೇಕೆಂಬುದು ಪೋರ್ಚುಗಲ್ಲಿನ ಕಾನೂನು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ: ಕೆಂಪಗೆ ಬೆತ್ತಲಾದ ಕಾಂಡದ ಮೇಲೆ 4 ಎಂದಿದ್ದರೆ 2024ರ ಸುಲಿತ, 2033ರವರೆಗೆ ಯಾರೂ ಮುಟ್ಟುವಂತಿಲ್ಲ. ವೈನ್ ಬಾಟಲಿಯ ಬಿರಡೆಗೆ ಒಗ್ಗುವ ತೊಗಟೆ ಸಿಗುವುದು ಮೂರನೆಯ ಸುಲಿತಕ್ಕೆ, ಅಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ಬೇಡಿಕೆ ಏರಿತೆಂದು ಮರ ಅವಸರ ಮಾಡುವುದಿಲ್ಲ.

ಹಾಗಿದ್ದರೆ ಗ್ಯಾಸ್ಕೆಟ್ ಕತ್ತರಿಸುವ ಸಣ್ಣ ಕಾರ್ಖಾನೆಗೆ ಕಾರ್ಕ್ ಸಿಕ್ಕುವುದಾದರೂ ಹೇಗೆ? ಬಿರಡೆಯ ಎಂಜಲಿನಿಂದ. ಹಲಗೆಯಿಂದ ಬಿರಡೆಗಳನ್ನು ಕೊರೆದ ಮೇಲೆ ತೂತುತೂತಾದ ತುಂಡೇ ಹೆಚ್ಚು ಉಳಿಯುತ್ತದೆ. ಅದನ್ನೂ ಮೊದಲ ಸುಲಿತದ ಒರಟು ತೊಗಟೆಯನ್ನೂ ಅರೆದು ಹರಳು ಮಾಡಿ, ಅಂಟು ಸೇರಿಸಿ ಒತ್ತಿದರೆ ಹಾಳೆ. 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಜಾನ್ ಸ್ಮಿತ್ ಇನ್ನೊಂದು ದಾರಿ ಕಂಡುಕೊಂಡ: ಬಿಸಿಯಲ್ಲಿ ಒತ್ತಿದರೆ ಕಾರ್ಕ್ ತನ್ನದೇ ರಾಳದಿಂದ ಅಂಟಿಕೊಂಡು ಕಪ್ಪು ಫಲಕವಾಗುತ್ತದೆ. ಶೀತಲಗೃಹಗಳ ಗೋಡೆಗಳಿಗೆ ದಶಕಗಳ ಕಾಲ ಹೊದಿಸಿದ್ದು ಇಂಥ ಫಲಕವನ್ನೇ. ಹೀಗಾಗಿ ಕೈಗಾರಿಕಾ ಕಾರ್ಕ್‌ನ ಪೂರೈಕೆ ವೈನ್ ಕುಡಿಯುವವರ ಜುಟ್ಟಿಗೆ ಗಂಟುಬಿದ್ದಿದೆ. ಅವರು ತಿರುಪಿನ ಮುಚ್ಚಳಕ್ಕೆ ಹೊರಳಿದರೆ ನಮ್ಮ ಗ್ಯಾಸ್ಕೆಟ್ಟಿನ ಕಚ್ಚಾಮಾಲಿಗೂ ಅದರ ಬಿಸಿ ತಟ್ಟುತ್ತದೆ.

ಇನ್ನು ಜಾಗದ ಲೆಕ್ಕ. ಕಾರ್ಕ್‌ನ ಗಾತ್ರದಲ್ಲಿ ಹೆಚ್ಚೂಕಡಿಮೆ ಒಂಬತ್ತು ಪಾಲು ಗಾಳಿ, ಉಳಿದ ಒಂದು ಪಾಲು ಮಾತ್ರ ವಸ್ತು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡು ಬಣ್ಣಿಸಿದ ಕೋಶಗಳು ಈ ಗಾಳಿಯ ಗೂಡುಗಳೇ. ನಲವತ್ತು ಅಡಿಯ ಕಂಟೇನರಿನಲ್ಲಿ ಸುಮಾರು 67 ಘನ ಮೀಟರ್ ಜಾಗವಿದ್ದು, ಇಪ್ಪತ್ತೈದು ಟನ್ನಿನಷ್ಟು ಭಾರ ಹೊರುತ್ತದೆ. ಘನ ಮೀಟರಿಗೆ 70 ಕಿಲೋ ತೂಗುವ ಹರಳು ತುಂಬಿದರೆ ಐದು ಟನ್ ಮುಟ್ಟುವ ಮೊದಲೇ ಅದು ಭರ್ತಿ. 200 ಕಿಲೋ ಸಾಂದ್ರತೆಯ ಹಾಳೆಯಾದರೆ ಹದಿಮೂರು ಟನ್ ಹಿಡಿಸುತ್ತದೆ. ಬಾಡಿಗೆ ಮಾತ್ರ ಎರಡಕ್ಕೂ ಒಂದೇ ಪೆಟ್ಟಿಗೆಯದು. ಹರಳು ತರಿಸಿ ಇಲ್ಲೇ ಒತ್ತಿಕೊಂಡರೆ ಅಗ್ಗವಾದೀತು ಎನ್ನುವವರು ಸಮುದ್ರದಾಚೆಯ ಗಾಳಿಗೆ ಬಾಡಿಗೆ ಕೊಡುತ್ತಿರುತ್ತಾರೆ.

ಇಷ್ಟೆಲ್ಲ ಯಾಕೆ, ಫೋಮ್ ಇಲ್ಲವೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಶಾಖ ತಡೆಯುವುದೊಂದೇ ಕೆಲಸವಾದರೆ ಪಾಲಿಯುರೆಥೇನ್ ಫೋಮ್ ಕಾರ್ಕ್‌ಗಿಂತ ಮೇಲು, ಅಗ್ಗ. ಫ್ರಿಜ್ಜಿನ ಗೋಡೆಗೆ ಮತ್ತೆ ಕಾರ್ಕ್ ತರಬೇಕೆಂಬ ವಾದ ಬರೀ ಶೋಕಿ. ಅದುಮಿ ಹಿಡಿಯುವ ಕೆಲಸದ ಮಾತೇ ಬೇರೆ. ಹೊಲದ ಬದಿಯ ಟಿಸಿಯ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರಿನ, ಮುಚ್ಚಳ ನೋಡಿ. ಬೋಲ್ಟ್ ಬಿಗಿದಂತೆ ಬರೀ ರಬ್ಬರ್ ಪಕ್ಕಕ್ಕೆ ಉಬ್ಬಿ ಹೊರಚಾಚುತ್ತದೆ, ಕಾರ್ಕ್ ತನ್ನೊಳಗೇ ಕುಗ್ಗುತ್ತದೆ. ಅದಕ್ಕೇ ಎಣ್ಣೆಗೆ ಬಗ್ಗದ ನೈಟ್ರೈಲ್ ರಬ್ಬರಿನಲ್ಲಿ ಕಾರ್ಕ್ ಹರಳು ಬೆರೆಸಿದ ಹಾಳೆಯನ್ನು ಅಲ್ಲಿ ಹಾಕುವುದು. ಅದಕ್ಕೆ ಐಎಸ್ 4253 ಎಂಬ ಭಾರತೀಯ ಮಾನಕವೂ ಇದೆ. ನಮ್ಮಲ್ಲೇ ಬೆಳೆಯಬಾರದೇ ಎಂಬುದು ಇನ್ನೊಂದು ಪ್ರಶ್ನೆ. ಚಳಿಗಾಲದ ಮಳೆ, ಒಣ ಬೇಸಿಗೆಗೆ ಒಗ್ಗಿದ ಮರ ಅದು. ದಖ್ಖನಿನ ಮಳೆ ಬೀಳುವುದೇ ಬೇಸಿಗೆ ಮುಗಿದ ಮೇಲೆ. ನಮ್ಮ ರಸ್ತೆಬದಿಯ ಆಕಾಶಮಲ್ಲಿಗೆ ಅಥವಾ ಬಿರಟೆ ಮರದ ತೊಗಟೆಯನ್ನು ಕಾರ್ಕ್‌ಗೆ ಬದಲಿಯಾಗಿ ಬಳಸಿದ್ದುಂಟು, ಆದರೆ ಅದು ಕಳಪೆ.

ಒಮ್ಮೆಗೇ ಹೆಚ್ಚು ಕೊಂಡು ಗೋದಾಮಿನಲ್ಲಿಟ್ಟರೆ ಲಾಭವಲ್ಲವೇ ಎನ್ನಬಹುದು. ಕಾರ್ಕ್ ಹಾಳೆ ಒಣ ಹವೆಯಲ್ಲಿ ತೇವ ಕಳೆದುಕೊಂಡು ಕುಗ್ಗುತ್ತದೆ, ಮಡಚಿದರೆ ಸೀಳುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ತಗಡಿನ ಮಾಡಿನಡಿ ಪೇರಿಸಿಟ್ಟ ಹಾಳೆಗೆ ಬೇರೆ ಶತ್ರು ಬೇಕಿಲ್ಲ. ವರ್ಷದ ಸರಕನ್ನು ಒಬ್ಬರೇ ಹೊರುವ ಬದಲು ನಾಲ್ಕು ವರ್ಕ್‌ಶಾಪಿನವರು ಸೇರಿ ಒಂದು ಕಂಟೇನರ್ ತರಿಸಿ ಹಂಚಿಕೊಳ್ಳುವುದು ಮೇಲು. ‘ನೈಸರ್ಗಿಕ’ ಎಂಬ ಚೀಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ, ಹಾಳೆಯೊಳಗಿನ ಅಂಟು ಬಹುಪಾಲು ಕಾರ್ಖಾನೆಯದೇ. ಒಂದು ತುಂಡನ್ನು ಕುದಿಯುವ ನೀರಿಗೆ ಹಾಕಿ ನೋಡಿ: ಹಳೆಯ ಬಗೆಯ ಜಿಲೆಟಿನ್ ಅಂಟಾದರೆ ಹರಳು ಕಳಚಿಕೊಳ್ಳುತ್ತದೆ, ಕೃತಕ ರಾಳದ್ದಾದರೆ ಗಟ್ಟಿಯಾಗಿ ನಿಲ್ಲುತ್ತದೆ. ಮುಂಗಡ ಕೊಡುವ ಮುನ್ನ ಸಾಂದ್ರತೆ, ಹರಳಿನ ಗಾತ್ರ, ಅಂಟಿನ ಬಗೆ, ಹಾಳೆಯ ದಪ್ಪ ಇವಿಷ್ಟನ್ನೂ ಬರವಣಿಗೆಯಲ್ಲಿ ಪಡೆಯಿರಿ, ದರವನ್ನು ಕಿಲೋಗಲ್ಲ, ಘನ ಮೀಟರಿಗೆ ಕೇಳಿ.