ಮನೆಮಂದಿಯೆಲ್ಲ ಹೊರಡುವ ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನಮ್ಮಲ್ಲಿ ಅರಿಯದವರಿಲ್ಲ. ಕೋಶ ಓದುವುದಕ್ಕೆ ಊರಿನ ವಾಚನಾಲಯವಿದೆ. ದೇಶ ಸುತ್ತಲು ಹೊರಟೊಡನೆ ಮಾತ್ರ ಕೈಚೀಲದ ನೆನಪಾಗುತ್ತದೆ. ರಜೆ ಸಮೀಪಿಸಿತೆಂದರೆ ಮಧ್ಯಮವರ್ಗದ ಮನೆಗಳಲ್ಲಿ ಒಂದು ಸಂಜೆ ಕಾಗದ-ಪೆನ್ಸಿಲುಗಳು ಹೊರಬರುತ್ತವೆ. ಬಸ್ಸಿಗೆ ಇಷ್ಟು, ವಸತಿಗೆ ಇಷ್ಟು, ಊಟ-ಉಪಾಹಾರಕ್ಕೆ ಇಷ್ಟು ಎಂದು ಬರೆದು ಕೂಡಿಸಿದಾಗ ಬಂದ ಮೊತ್ತವು ತಿಂಗಳ ವರಮಾನವನ್ನೇ ನುಂಗುವಂತಿರುತ್ತದೆ. ಆಗ ಅದನ್ನು ಇಳಿಸುವ ಕೆಲಸ ಮೊದಲಾಗುತ್ತದೆ. ಸೋಜಿಗದ ಸಂಗತಿಯೆಂದರೆ, ಮೊದಲು ಹೊಡೆದುಹಾಕುವುದು ಹೊಟೇಲಿನ ಕೋಣೆಯನ್ನಲ್ಲ, ಅಜ್ಜಿಯ ಹೆಸರನ್ನು! “ಅವರಿಗೆ ದಣಿವಾಗುತ್ತದೆ, ಮನೆಯಲ್ಲಿ ಆರಾಮವಾಗಿರಲಿ” ಎಂಬ ಸಮಾಧಾನದ ಮಾತೂ ಜೊತೆಗೆ ಹುಟ್ಟಿಕೊಳ್ಳುತ್ತದೆ. ಅಜ್ಜಿಯೂ “ಹೌದಪ್ಪ, ನೀವು ಹೋಗಿಬನ್ನಿ” ಎನ್ನುತ್ತಾಳೆ. ಆಕೆಯ ಮನಸ್ಸಿನಲ್ಲಿರುವುದು ಅದೇ ಮಾತೇ ಎಂದು ಕೇಳುವವರಾರು?

ಪ್ರವಾಸದಲ್ಲಿ ಹಣ ಉಳಿಸುವುದೆಂದರೆ ಉಳಿದ ಹಣವನ್ನು ಮರಳಿ ಪೆಟ್ಟಿಗೆಯಲ್ಲಿಡುವುದಷ್ಟೇ ಅಲ್ಲ. ಯಾರನ್ನೂ ಮನೆಯಲ್ಲಿ ಬಿಡದೆ ಎಲ್ಲರೂ ಕೂಡಿ ಹೊರಡುವಂತಾಗಬೇಕು. ಮಿತವ್ಯಯದ ಸಾರ್ಥಕತೆ ಅದರಲ್ಲಿದೆ. ಈ ವಿದ್ಯೆಯನ್ನು ನಗರದವರಿಗಿಂತ ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ಬಾಗಲಕೋಟೆ ಜಿಲ್ಲೆಯಲ್ಲಿ, ಜಮಖಂಡಿಯ ಬಳಿ, ಹುನ್ನೂರ ಎಂಬ ಊರಿದೆ. ಆ ಸೀಮೆಯ ಒಂದು ಮನೆಯನ್ನೇ ಉದಾಹರಣೆಗೆ ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ.

ಹತ್ತಿರದ ಸಿರಿ

ಮೊದಲನೆಯ ಉಳಿತಾಯ ಊರನ್ನು ಆರಿಸುವುದರಲ್ಲಿಯೇ ಆಗುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದರಿಂದ ನಾವು ಸಾವಿರಾರು ರೂಪಾಯಿ ತೆತ್ತು ಪರರಾಜ್ಯಗಳಿಗೆ ಹೋಗುತ್ತೇವೆ. ಜಗತ್ತಿನ ಜನ ಬಂದು ನೋಡುವ ನಮ್ಮ ನೆರೆಯ ಊರುಗಳನ್ನು ಮರೆಯುತ್ತೇವೆ. ಹುನ್ನೂರಿನವರಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಇವೆಲ್ಲವೂ ತಮ್ಮ ಜಿಲ್ಲೆಯೊಳಗಿನವು. ರನ್ನ ಕವಿ ಹುಟ್ಟಿದ ಮುಧೋಳವಂತೂ ನೆರೆಯ ತಾಲೂಕು. ಇನ್ನೊಂದು ದಿಕ್ಕಿಗೆ ಹೊರಟರೆ ವಿಜಯಪುರದ ಗೋಳಗುಮ್ಮಟ. ಪಟ್ಟದಕಲ್ಲಿನ ದೇವಾಲಯಗಳು 1987ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನು ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಇಂಥ ಸ್ಥಳಗಳಿಗೆ ಹೋಗಿಬರಲು ಎರಡು ದಿನ ಸಾಕು.

ಈ ಸ್ಮಾರಕಗಳನ್ನು ನೋಡಲು ತೆರಬೇಕಾದ ಶುಲ್ಕವೂ ಹೆಚ್ಚಿನದಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದೊಡ್ಡವರು ಮೊಬೈಲಿನ ಮೂಲಕ ಹಣ ತೆತ್ತರೆ ಟಿಕೆಟಿನಲ್ಲಿ ಕೆಲವು ರೂಪಾಯಿ ಕಡಿಮೆಯಾಗುತ್ತದೆ. ಏಪ್ರಿಲ್ 18, ವಿಶ್ವಪರಂಪರೆಯ ದಿನದಂದು, ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಆದರೆ ಆ ಕಾಲದಲ್ಲಿ ಬಾದಾಮಿಯ ಕೆಂಪು ಬಂಡೆಗಳು ಕಾದ ಹೆಂಚಿನಂತಿರುವುದನ್ನು ನೆನಪಿನಲ್ಲಿಡಬೇಕು. ಇಪ್ಪತ್ತು ಮೂವತ್ತು ರೂಪಾಯಿಯ ಆಸೆಗೆ ಮುದುಕರನ್ನೂ ಮಕ್ಕಳನ್ನೂ ಬಿಸಿಲಿಗೆ ಒಡ್ಡುವುದು ಜಾಣತನವಲ್ಲ. ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಇಷ್ಟನ್ನು ತಿಳಿಯದೆ ಶುಕ್ರವಾರವೇ ಹೋಗಿ ನಿಂತರೆ, ಮುಚ್ಚಿದ ಬಾಗಿಲನ್ನು ನೋಡಿ ಮರಳಬೇಕಾಗುತ್ತದೆ.

ಐದು ಟಿಕೆಟು ಎರಡೂಕಾಲು ಆದ ಲೆಕ್ಕ

ಇನ್ನು ಪ್ರಯಾಣದ ವೆಚ್ಚ. ನಮ್ಮ ಕಲ್ಪನೆಯ ಮನೆಯಲ್ಲಿ ಆರು ಜನ: ಅರವತ್ತು ದಾಟಿದ ಅಜ್ಜ-ಅಜ್ಜಿ, ತಂದೆ-ತಾಯಿ, ಹದಿನಾಲ್ಕರ ಮಗಳು, ಹತ್ತರ ಮಗ. ಸರಕಾರಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಶೇಕಡಾ 25 ರಿಯಾಯಿತಿಯುಂಟು. 12 ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟು. ಹಿಂದಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಅಜ್ಜ-ಅಜ್ಜಿಗೆ ಮುಕ್ಕಾಲು ಮುಕ್ಕಾಲು, ತಂದೆ, ತಾಯಿ, ಮಗಳಿಗೆ ಒಂದೊಂದು, ಮಗನಿಗೆ ಅರ್ಧ. ಒಟ್ಟು ಐದು ಟಿಕೆಟಿನ ಹಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅಜ್ಜಿ, ತಾಯಿ, ಮಗಳು ಈ ಮೂವರಿಗೂ ಶೂನ್ಯ ಟಿಕೆಟು. ಉಳಿದದ್ದು ತಂದೆಯ ಒಂದು, ಅಜ್ಜನ ಮುಕ್ಕಾಲು, ಮಗನ ಅರ್ಧ. ಐದು ಇದ್ದದ್ದು ಎರಡೂಕಾಲಿಗೆ ಇಳಿಯಿತು! 2025ರ ಜನವರಿ 5ರಿಂದ ಬಸ್ಸಿನ ದರ ಶೇಕಡಾ 15ರಷ್ಟು ಏರಿದ್ದರೂ ಈ ಮನೆಗೆ ಲಾಭವೇ ಹೆಚ್ಚು. ಅಜ್ಜಿಯ ಹೆಸರನ್ನು ಹೊಡೆದುಹಾಕಿದರೆ ಈಗ ಬಸ್ಸಿನ ಲೆಕ್ಕದಲ್ಲಿ ಒಂದು ಕಾಸೂ ಉಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಈ ಸೌಲಭ್ಯಕ್ಕೆ ಕೆಲವು ಕಟ್ಟಳೆಗಳಿವೆ. ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿ ಜೊತೆಗಿರಬೇಕು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ ಇದು ನಡೆಯುತ್ತದೆ. ರಾಜಹಂಸ, ಮಲಗುವ ಬಸ್ಸು, ಹವಾನಿಯಂತ್ರಿತ ಬಸ್ಸುಗಳಲ್ಲಿ ನಡೆಯದು. ಗಡಿ ದಾಟಿ ಹೋಗುವ ಅಂತರರಾಜ್ಯ ಬಸ್ಸಿಗೂ ಇದು ಅನ್ವಯಿಸುವುದಿಲ್ಲ. ಜಮಖಂಡಿಯ ಸೀಮೆಯವರು ಈ ಕೊನೆಯ ಮಾತನ್ನು ಮುಖ್ಯವಾಗಿ ಗಮನಿಸಬೇಕು. ಅವರ ನೆಂಟಸ್ತನ, ಔಷಧೋಪಚಾರ, ಪಂಢರಪುರದ ಯಾತ್ರೆ ಎಲ್ಲವೂ ಮಿರಜ, ಸಾಂಗಲಿ, ಸೊಲ್ಲಾಪುರಗಳ ಕಡೆಗೆ ಹಬ್ಬಿವೆ. ಬಸ್ಸು ಹತ್ತುವ ಮುನ್ನ ಹಲಗೆಯನ್ನು ಓದಿ, ಅದು ಎಲ್ಲಿಯವರೆಗೆ ಹೋಗುತ್ತದೆಂದು ನಿರ್ವಾಹಕರನ್ನು ಕೇಳಬೇಕು. ಗಡಿಯೊಳಗೇ ನಿಲ್ಲುವ ಬಸ್ಸು ಹಿಡಿದು ಮುಂದೆ ಬಸ್ಸು ಬದಲಿಸಿದರೆ ಒಂದಿಷ್ಟು ಹೊತ್ತು ಹೆಚ್ಚು ಹಿಡಿದೀತು, ಹಣವಂತೂ ಉಳಿಯುತ್ತದೆ. ಮಹಾರಾಷ್ಟ್ರದ ಎಸ್‌.ಟಿ. ಬಸ್ಸುಗಳಲ್ಲಿಯೂ 2023ರ ಮಾರ್ಚ್ 17ರಿಂದ ಆ ರಾಜ್ಯದ ಮೇರೆಯೊಳಗೆ ಹೆಂಗಸರಿಗೆ ಅರ್ಧ ದರವನ್ನು ಗೊತ್ತುಮಾಡಲಾಯಿತು.

2025ರ ಜುಲೈ ಹೊತ್ತಿಗೆ ಶಕ್ತಿ ಯೋಜನೆಯಡಿ ನಡೆದ ಪ್ರಯಾಣಗಳ ಸಂಖ್ಯೆ ಐದು ನೂರು ಕೋಟಿಯನ್ನು ಮುಟ್ಟಿತು. ಇದರ ಭಾರ ಸರಕಾರದ ಬೊಕ್ಕಸದ ಮೇಲೆ, ಎಂದರೆ ನಮ್ಮೆಲ್ಲರ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಲಾಗದು. ಆದರೂ ತವರಿಗೆ ಹೋಗಲು ಗಂಡನ ಮುಂದೆ ಕೈಯೊಡ್ಡುತ್ತಿದ್ದ ಹೆಂಗಸು ಇಂದು ತಾನಾಗಿಯೇ ಚೀಲ ಹಿಡಿದು ನಿಲ್ದಾಣಕ್ಕೆ ಬರುತ್ತಾಳೆ. ಆ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟುವ ತಕ್ಕಡಿ ಯಾವ ಅಂಗಡಿಯಲ್ಲಿದೆ?

ದೂರದ ಯಾತ್ರೆಗೆ ರೈಲು

ದೂರದ ಪ್ರಯಾಣಕ್ಕೆ ರೈಲಿನಷ್ಟು ಅಗ್ಗವಾದುದು ಬೇರೊಂದಿಲ್ಲ. ಹುನ್ನೂರಿನ ಕಡೆಯವರು ಮಿರಜ-ಬೆಳಗಾವಿ ಮಾರ್ಗದ ಕುಡಚಿ ನಿಲ್ದಾಣಕ್ಕೆ ಹೋಗಿ ಗಾಡಿ ಹಿಡಿಯುವುದುಂಟು. ರೈಲಿನ ದರದಲ್ಲಿ ಒಂದು ಗುಟ್ಟಿದೆ. ದೂರ ಹೆಚ್ಚಿದಂತೆಲ್ಲ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತ ಹೋಗುತ್ತದೆ. ಆದುದರಿಂದ ಒಂದೇ ದಾರಿಯನ್ನು ಎರಡು ತುಂಡು ಮಾಡಿ ಎರಡು ಟಿಕೆಟು ಕೊಳ್ಳುವುದಕ್ಕಿಂತ, ಕೊನೆಯ ಊರಿನವರೆಗೆ ಒಂದೇ ಟಿಕೆಟು ಕೊಳ್ಳುವುದು ಸಾಮಾನ್ಯವಾಗಿ ಅಗ್ಗ. ಕಾಶಿ-ಪ್ರಯಾಗಗಳಂತಹ ದೊಡ್ಡ ಯಾತ್ರೆಗೆ ಹೊರಟು, ಹೊರಟ ಊರಿಗೇ ಸುತ್ತಿ ಮರಳುವವರಿಗೆ ಸುತ್ತು ಪ್ರಯಾಣದ ಟಿಕೆಟಿನ ವ್ಯವಸ್ಥೆಯಿದೆ. ಅದರಲ್ಲಿ ನಡುವೆ ಎಂಟು ಊರುಗಳವರೆಗೆ ಇಳಿದು ತಂಗಬಹುದು. ಅದಕ್ಕೆ ಮುಂಚಿತವಾಗಿ ರೈಲ್ವೆ ಅಧಿಕಾರಿಗಳಿಗೆ ದಾರಿಯ ವಿವರ ಬರೆದು ಕೊಡಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿಯೂ ಲೆಕ್ಕ ತಿಳಿದಿರಲಿ. 2016ರ ಏಪ್ರಿಲ್‌ನಿಂದ 5 ರಿಂದ 12 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಮಲಗುವ ಸ್ಥಳ ಕೇಳಿದರೆ ಪೂರ್ತಿ ದರ. ತಾಯಿಯ ಮಗ್ಗುಲಲ್ಲಿಯೇ ಮಲಗಿಸುವುದಾದರೆ ಅರ್ಧ. ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದ್ದರಿಂದ ಹಳೆಯ ನೆನಪಿನಲ್ಲಿ ಲೆಕ್ಕ ಹಾಕಬಾರದು.

ಬುತ್ತಿಗಂಟಿನ ಮಹಿಮೆ

ಟಿಕೆಟಿನ ಹಣ ಕಣ್ಣಿಗೆ ಕಾಣುತ್ತದೆ. ಊಟದ ಹಣ ಕಾಣದಂತೆ ಕರಗುತ್ತದೆ. ಹೊಟೇಲಿನ ಒಂದು ಊಟಕ್ಕೆ ನೂರು ರೂಪಾಯಿಯೆಂದು ಹಿಡಿದರೂ ಆರು ಜನಕ್ಕೆ ನಾಲ್ಕು ಹೊತ್ತಿಗೆ 2400 ರೂಪಾಯಿ! ಉತ್ತರ ಕರ್ನಾಟಕದ ಗೃಹಿಣಿ ಈ ಸಮಸ್ಯೆಯನ್ನು ತಲೆಮಾರುಗಳ ಹಿಂದೆಯೇ ಬಿಡಿಸಿಟ್ಟಿದ್ದಾಳೆ. ಕಟಕ ರೊಟ್ಟಿ ಒಲೆಯ ಮೇಲೆಯೇ ನೀರಿನಂಶವನ್ನು ಕಳೆದುಕೊಳ್ಳುವುದರಿಂದ ದಿನಗಟ್ಟಲೆ ಕೆಡದು. ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಗಳೂ ಒಣ ಪದಾರ್ಥಗಳೇ. ಸಿಹಿಗೆ ಶೇಂಗಾ ಹೋಳಿಗೆ, ಮಾದಲಿ. ಇವುಗಳ ಜೊತೆಗೆ ದಾರಿಯಲ್ಲಿ ಒಂದಿಷ್ಟು ಮೊಸರು, ಎರಡು ಉಳ್ಳಾಗಡ್ಡಿ ಕೊಂಡರೆ ರಾಜಭೋಜನ. ಮೊದಲ ದಿನದ ಮಧ್ಯಾಹ್ನಕ್ಕೆ ಚಪಾತಿ, ಪಲ್ಯ. ಮುಂದಕ್ಕೆ ರೊಟ್ಟಿ, ಹಿಂಡಿ. ಹೀಗೆ ಕೆಡುವುದನ್ನು ಮೊದಲು, ಕೆಡದುದನ್ನು ಕೊನೆಗೆ ತಿನ್ನುವಂತೆ ಬುತ್ತಿ ಕಟ್ಟುವುದೇ ಒಂದು ಶಾಸ್ತ್ರ.

ಬಾದಾಮಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಗುಹೆಗಳ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರೆ ಅಲ್ಲಿಯ ಕೋತಿಗಳು ನಿಮ್ಮ ಅನುಮತಿ ಕೇಳದೆ ಪಂಕ್ತಿಗೆ ಕೂಡುತ್ತವೆ! ಬುತ್ತಿ ತೀರಿದ್ದರೆ ಚಿಂತೆಯಿಲ್ಲ. ಬಾದಾಮಿಯಿಂದ ಐದು ಕಿಲೋಮೀಟರಿನಲ್ಲಿರುವ ಬನಶಂಕರಿಯಲ್ಲಿ ಊರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಮಾರುತ್ತಾರೆ. ಮರದ ನೆರಳಿನಲ್ಲಿ ಕುಳಿತು ಉಣ್ಣುವ ಆ ಊಟದ ಹಣ ನೇರವಾಗಿ ದುಡಿದವರ ಕೈಗೇ ಸೇರುತ್ತದೆ.

ಮಲ್ಲಯ್ಯನ ದಾರಿ

ಕಡಿಮೆ ಖರ್ಚಿನ ಪ್ರವಾಸವು ಎಷ್ಟು ಘನವಾದುದಾಗಬಲ್ಲದೆಂಬುದನ್ನು ಕಾಣಬೇಕಾದರೆ ಯುಗಾದಿಯ ಮುಂಚಿನ ದಿನಗಳಲ್ಲಿ ಈ ಸೀಮೆಯ ರಸ್ತೆಗಳನ್ನು ನೋಡಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಸಾವಿರಾರು ಭಕ್ತರು ಕಂಬಿ ಹೊತ್ತು ಆಂಧ್ರದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕೊನೆಯಲ್ಲಿ ನಲ್ಲಮಲದ ಕಾಡು; ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ ಕೈಲಾಸದ್ವಾರ ಸೇರಬೇಕು. ಭ್ರಮರಾಂಬೆಯನ್ನು ಕನ್ನಡಿಗರು ತಮ್ಮ ಮನೆಮಗಳೆಂದು ಭಾವಿಸಿ ಸೀರೆ, ಅರಿಷಿಣ-ಕುಂಕುಮ ಒಯ್ಯುತ್ತಾರೆ. ಮಗಳ ಮನೆಗೆ ಹೋಗುವವರು ದಾರಿಯ ಖರ್ಚಿಗೆ ಅಂಜುವರೆ?

ದಾರಿಯುದ್ದಕ್ಕೂ ಊರಿನವರು ಚಪ್ಪರ ಹಾಕಿ ದಾಸೋಹ ನಡೆಸುತ್ತಾರೆ. ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ನೊಂದ ಕಾಲುಗಳಿಗೆ ಎಣ್ಣೆ ತಿಕ್ಕುವವರೂ ಉಂಟು. ಉಣ್ಣುವವನಿಗೆ ಇಲ್ಲಿ ಸಂಕೋಚವಿಲ್ಲ, ಬಡಿಸುವವನಿಗೆ ಗರ್ವವಿಲ್ಲ. ಈ ವರ್ಷ ನಡೆದು ಉಂಡವನು ಮರುವರ್ಷ ತನ್ನೂರಿನ ಚಪ್ಪರದಲ್ಲಿ ಸೌಟು ಹಿಡಿದು ನಿಲ್ಲಬಹುದು. ನಗರದಿಂದ ಹೋಗುವ ನಾವು ಧರ್ಮಸ್ಥಳದಲ್ಲಿಯೋ ಸಿದ್ಧಗಂಗೆಯಲ್ಲಿಯೋ ಅನ್ನಪ್ರಸಾದಕ್ಕೆ ಕುಳಿತಾಗ ಈ ನೀತಿಯನ್ನು ನೆನೆಯಬೇಕು. ಮಠ-ಮಂದಿರಗಳ ಊಟವನ್ನು ಪುಕ್ಕಟೆ ಹೊಟೇಲೆಂದು ತಿಳಿಯುವುದು ಮಿತವ್ಯಯವಲ್ಲ. ಶಕ್ತಿಯಿದ್ದಷ್ಟು ಕಾಣಿಕೆ ಹಾಕಿ, ಎಲೆಯಲ್ಲಿ ಅನ್ನ ಬಿಡದೆ ಏಳುವುದು ಮರ್ಯಾದೆ.

ಎಲ್ಲಿ ಕೈ ಹಿಡಿಯಬಾರದು

ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ಗೆರೆ ತೆಳ್ಳಗಿನದು. ಶುದ್ಧವಾದ ನೀರು, ಹಿರಿಯರ ಔಷಧಿ, ರಾತ್ರಿಯ ಸುರಕ್ಷಿತ ವಸತಿ ಇವುಗಳಲ್ಲಿ ಉಳಿಸಿದ ಹಣವು ವೈದ್ಯರ ಮನೆಗೆ ಹೋಗುತ್ತದೆ. ನಿಲ್ದಾಣದಿಂದ ಛತ್ರದವರೆಗೆ ಅಜ್ಜಿಯನ್ನು ಬಿಸಿಲಲ್ಲಿ ನಡೆಸುವ ಬದಲು ಟಂಟಂ ಹತ್ತಿಸಿರಿ. ಗಂಟು ಹೊರುವವನೊಡನೆ ಹತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಶಿ ಮಾಡುವುದೂ ತರವಲ್ಲ. ಎರಡು ಮೂರು ಮನೆಯವರು ಕೂಡಿದರೆ ಒಂದು ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಹಿಡಿದು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದು. ತಲೆಗೆ ಬೀಳುವ ಹಣ ಕಡಿಮೆ, ಮಾತಿಗೆ ಜನ ಹೆಚ್ಚು. ಬಾಡಿಗೆ, ಇಂಧನ, ಚಾಲಕನ ಊಟ ಯಾರದೆಂಬುದನ್ನು ಮಾತ್ರ ಹೊರಡುವ ಮುನ್ನವೇ ಗೊತ್ತುಮಾಡಿಕೊಂಡಿರಬೇಕು.

ಮುಂದಿನ ರಜೆಗೆ ಮನೆಯಲ್ಲಿ ಲೆಕ್ಕಕ್ಕೆ ಕುಳಿತಾಗ ಮೊದಲು ಹೊರಡುವವರೆಲ್ಲರ ಹೆಸರನ್ನು ಬರೆಯಿರಿ. ಆ ಪಟ್ಟಿಯಲ್ಲಿ ಯಾರ ಮೇಲೆಯೂ ಗೆರೆ ಎಳೆಯಬೇಡಿರಿ. ಅನಂತರ ಊರು, ದಿನ, ಬಸ್ಸು, ಬುತ್ತಿ ಇವುಗಳನ್ನು ಹಣಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ. ಪಟ್ಟದಕಲ್ಲಿನ ಗುಡಿಗಳು ಹನ್ನೆರಡು ಶತಮಾನಗಳಿಂದ ಅಲ್ಲಿಯೇ ನಿಂತಿವೆ. ಈ ವರ್ಷ ಆಗದಿದ್ದರೆ ಬರುವ ವರ್ಷಕ್ಕೂ ಅವು ಇರುತ್ತವೆ. ಮನೆಯ ಹಿರಿಯರ ವಿಷಯದಲ್ಲಿ ಆ ಭರವಸೆಯನ್ನು ಯಾರೂ ಕೊಡಲಾರರು.