ನಿಮಗಿದು ಗೊತ್ತೆ? ಅರಳಗುಪ್ಪೆಯಲ್ಲಿ ನೋಡಬೇಕಾದ ಗುಡಿ ಒಂದಲ್ಲ, ಎರಡು!

ತೆಂಗಿನ ಸೀಮೆಯ ಊರು, ತಿಪಟೂರು ತಾಲ್ಲೂಕಿನ ಅರಳಗುಪ್ಪೆ. ಇಲ್ಲಿನ ಕಲ್ಲೇಶ್ವರ, ಚೆನ್ನಕೇಶವ ಗುಡಿಗಳ ಹೆಸರನ್ನು ಅದಲುಬದಲು ಮಾಡಬೇಡಿ. ಇವೆರಡರ ನಡುವೆ 300 ವರ್ಷಕ್ಕೂ ಮಿಕ್ಕ ಅಂತರವಿದೆ.

● ಕಲ್ಲೇಶ್ವರ: ಶಿವನ ಗುಡಿ. 9ನೇ ಶತಮಾನದ್ದು, ಗಂಗ–ನೊಳಂಬರ ಕಾಲದ ಕೆಲಸ. ತಲೆಯೆತ್ತಿ ಚಾವಣಿ ನೋಡಿ: ನಡುವೆ ನಾಟ್ಯವಾಡುವ ಶಿವ, ಸುತ್ತ ಅಷ್ಟದಿಕ್ಪಾಲಕರು.

● ಚೆನ್ನಕೇಶವ: ವಿಷ್ಣುವಿನ ಗುಡಿ. 13ನೇ ಶತಮಾನದ್ದು, ಹೊಯ್ಸಳ ಶೈಲಿ. ಗರ್ಭಗುಡಿಯ ನಕ್ಷತ್ರಾಕಾರದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಮೇಲೆ ದೇವತಾಮೂರ್ತಿಗಳು. ಬೇಲೂರಿನ ಚೆನ್ನಕೇಶವ (1117) ಬೇರೆ, ಇದು ಬೇರೆ.

ಒಂದನ್ನಷ್ಟೇ ನೋಡಿ ಹಿಂತಿರುಗಬೇಡಿ. ಗಂಗರಿಂದ ಹೊಯ್ಸಳರವರೆಗೆ ಕನ್ನಡನಾಡಿನ ಶಿಲ್ಪಕಲೆ ಬೆಳೆದ ಬಗೆಯನ್ನು ಒಂದೇ ಊರಿನಲ್ಲಿ ಕಾಣುವ ಭಾಗ್ಯ ಎಲ್ಲೆಡೆ ಸಿಗುವುದಿಲ್ಲ.